ಅಡಕೆಯ ಅಂಗಳಕ್ಕೆ ಯಂತ್ರ ಬಂದ ಬಗೆ

ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಾಲ್ಕು ಊರುಗಳ ದಾರಿಗಳು ಬಂದು ಕೂಡುವೆಡೆಯಲ್ಲಿ ರಿಪ್ಪನ್‌ಪೇಟೆ ಎಂಬ ಪೇಟೆಯಿರುವುದು. ಹಳ್ಳಿ, ಕೊಪ್ಪ, ಕಟ್ಟೆ ಎಂದು ಕೊನೆಗೊಳ್ಳುವ ಮಲೆನಾಡಿನ ಹೆಸರುಗಳ ನಡುವೆ ಈ ಹೆಸರು ಹೊಸಬರ ಕಿವಿಗೆ ಕೊಂಚ ವಿಚಿತ್ರವಾಗಿ ಕೇಳಿಸದೆ ಇರದು. ಇದು 1880 ರಿಂದ 1884 ರವರೆಗೆ ಹಿಂದೂದೇಶದ ವೈಸರಾಯಿಯಾಗಿದ್ದ ಲಾರ್ಡ್ ರಿಪ್ಪನ್ನನ ಹೆಸರು. ಅವನ ಆಳ್ವಿಕೆಯಲ್ಲಿಯೇ, 1881ರ ಮಾರ್ಚಿಯಲ್ಲಿ, ಐವತ್ತು ವರ್ಷ ಕಮಿಷನರರ ಕೈಯಲ್ಲಿದ್ದ ಮೈಸೂರು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದೇ ವರ್ಷ ನಡೆದ ಇನ್ನೊಂದು ಸಂಗತಿಯನ್ನು ಮಾತ್ರ ಸಾಮಾನ್ಯವಾಗಿ ಮರೆಯುತ್ತೇವೆ. ಈ ದೇಶದ ಮೊಟ್ಟಮೊದಲನೆಯ ಕಾರ್ಖಾನೆ ಕಾಯಿದೆ ಹುಟ್ಟಿದ್ದು ಆ 1881ರಲ್ಲಿಯೇ.

ಆ ಕಾಯಿದೆ ಬಹಳ ಸಣ್ಣದು. ಯಂತ್ರಬಲದಿಂದ ನಡೆಯುವ, ನೂರು ಮಂದಿಗೆ ಕಡಮೆಯಿಲ್ಲದೆ ಕೆಲಸಗಾರರಿರುವ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಕೂಡದು, ಏಳರಿಂದ ಹನ್ನೆರಡು ವರ್ಷದೊಳಗಿನವರನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು, ಅಪಾಯಕರವಾದ ಯಂತ್ರಗಳಿಗೆ ಬೇಲಿಯಿರಬೇಕು: ಇಷ್ಟೇ ಅದರ ಸಾರ. ಇಂದು ಓದಿದರೆ ಇದೂ ಒಂದು ದಯೆಯೇ ಎನಿಸುವುದು. ಆದರೆ ಅದರ ಹಿಂದೆ ಒಂದು ದೊಡ್ಡ ಪ್ರಶ್ನೆಯಿತ್ತು. ಹೊಸ ಯಂತ್ರವೊಂದು ಬಂದಾಗ, ಅದರ ಬಳಿ ನಿಂತು ದುಡಿಯುವವನಿಗೆ ಸಲ್ಲಬೇಕಾದದ್ದು ಏನು? ಈ ಪ್ರಶ್ನೆಯನ್ನು ಕೇಳಿದ ಕಾಲದ ಪ್ರಭುವಿನ ಹೆಸರನ್ನು ಹೊತ್ತ ಪೇಟೆಯ ಸುತ್ತಮುತ್ತ, ಯಂತ್ರವು ಬಂದ ಬಗೆ ಹೇಗೆ ಎಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ.

ಇಲ್ಲಿ ಬೊಂಬಾಯಿಯಂತೆ ಹತ್ತಿಯ ಗಿರಣಿಗಳಿಲ್ಲ. ಇಲ್ಲಿರುವುದು ಅಡಕೆಯ ತೋಟ. ನಗರವಾಸಿಗಳಾದ ನಮಗೆ ಅಡಕೆಯೆಂದರೆ ಮದುವೆಯ ಮನೆಯಲ್ಲಿ ಎಲೆಯೊಡನೆ ತಟ್ಟೆಯಲ್ಲಿ ಬರುವ ಮಂಗಳದ್ರವ್ಯ. ಅದು ತಟ್ಟೆಗೆ ಬರುವ ಮುನ್ನ ಎಷ್ಟು ಕೈಗಳನ್ನು ದಾಟಿತೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಕಾಲಿಗೆ ತಳೆ ಹಾಕಿಕೊಂಡು, ನುಣುಪಾದ ಎತ್ತರದ ಮರವನ್ನೇರಿ, ಒಂದು ಮರದಿಂದ ಇನ್ನೊಂದಕ್ಕೆ ಇಳಿಯದೆಯೇ ಹಾಯುವವನು ಕೊನೆಗೌಡ. ಅವನು ಹಗ್ಗದ ಮೇಲೆ ಜಾರಿಬಿಟ್ಟ ಕೊನೆಯನ್ನು ನೆಲಕ್ಕೆ ಬಡಿಯಗೊಡದೆ ಹಿಡಿಯುವವನು ಇನ್ನೊಬ್ಬ. ಹಸಿಯ ಅಡಕೆಯನ್ನು ಸುಲಿಯುವವರು ಹೆಂಗಸರು. ಸುಲಿದದ್ದನ್ನು ಚೊಗರಿನಲ್ಲಿ ಬೇಯಿಸಿ, ಚಪ್ಪರದ ಮೇಲೆ ಹರವಿ ಒಣಗಿಸಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಆರಿಸಿದ ಮೇಲೆ ಅದು ಮಂಡಿಯನ್ನು ಸೇರುವುದು.

ಈ ಅಂಗಳಕ್ಕೆ ಹೊಸ ವಿಜ್ಞಾನವು ಮೊದಲು ಕಾಲಿಟ್ಟದ್ದು ಯಂತ್ರದ ರೂಪದಲ್ಲಿ ಅಲ್ಲ, ಔಷಧಿಯ ರೂಪದಲ್ಲಿ. ಮಳೆಗಾಲದ ಕೊಳೆರೋಗವು ಮಲೆನಾಡಿನ ತೋಟಿಗನಿಗೆ ಹಿಂದಿನಿಂದಲೂ ಮೃತ್ಯುಪ್ರಾಯವಾಗಿತ್ತು. ಜಡಿಮಳೆ ಹಿಡಿಯಿತೆಂದರೆ ಎಳೆಯ ಕಾಯಿಗಳು ಕೊಳೆತು ಉದುರಿ, ವರ್ಷದ ಬದುಕೇ ಮರದ ಬುಡದಲ್ಲಿ ಬಿದ್ದಿರುತ್ತಿತ್ತು. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೆಂದರೆ ಕೊಟ್ಟೆ ಕಟ್ಟುವುದು. ಎಂದರೆ, ಹಾಳೆ ಮೊದಲಾದವುಗಳಿಂದ ಹೊದಿಕೆ ಮಾಡಿ, ಮಳೆ ಹಿಡಿಯುವ ಮೊದಲು ಮರವೇರಿ ಒಂದೊಂದು ಕೊನೆಗೂ ಕೊಡೆ ಹಿಡಿದಂತೆ ಕಟ್ಟುವುದು. ಇದರಲ್ಲಿ ಶ್ರಮವಿತ್ತು, ಕೌಶಲವಿತ್ತು, ಹಲವರಿಗೆ ಕೂಲಿಯೂ ಇತ್ತು.

1908ರಲ್ಲಿ ಮೈಸೂರು ಸರಕಾರದ ಸೇವೆಗೆ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಬಂದರು. ಅವರು ಈ ರೋಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇದರ ಮೂಲವು ಒಂದು ಬೂಷ್ಟಿನಂಥ ಜೀವಿಯೆಂದು ವಿವರಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯ ಬೆಳೆಯನ್ನು ಕೊಳೆಯಿಸಿ ಲಕ್ಷಾಂತರ ಜನರನ್ನು ಹಸಿವಿಗೀಡುಮಾಡಿದ ಜೀವಿಯೂ ಇದೇ ಕುಲದ್ದು. ಕೋಲ್ಮನ್ನರು ಸೂಚಿಸಿದ ಪರಿಹಾರವು ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರಸಿದ ಬೋರ್ಡೋ ದ್ರಾವಣ. ಅದರ ಕಥೆಯೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕಿತ್ತು ತಿನ್ನದಿರಲೆಂದು ದಾರಿಯ ಬದಿಯ ಬಳ್ಳಿಗಳಿಗೆ ಈ ನೀಲಿಯ ನೀರನ್ನು ಎರಚುತ್ತಿದ್ದರು. ಎರಚಿದ ಬಳ್ಳಿಗಳಿಗೆ ಮಾತ್ರ ರೋಗ ತಗಲಲಿಲ್ಲವೆಂಬುದನ್ನು ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕನು ಗಮನಿಸಿ, 1885ರಲ್ಲಿ ಅದನ್ನು ಲೋಕಕ್ಕೆ ಸಾರಿದನು. ಕಳ್ಳರಿಗೆ ಮಾಡಿದ ಹೆದರಿಕೆ ತೋಟಿಗರಿಗೆ ರಕ್ಷೆಯಾಯಿತು!

ಇಂದಿಗೂ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಎಂಬ ಲೆಕ್ಕವು ಮಲೆನಾಡಿನ ಅಡಕೆ ಬೆಳೆಗಾರರಿಗೆ ಬಾಯಿಪಾಠವಾಗಿದೆ. ಹೊಸ ವಿದ್ಯೆಯೊಂದು ಒಂದು ನಾಡನ್ನು ಉಳಿಸಿತೆಂದು ಹೇಳಬಹುದಾದ ಸಂದರ್ಭ ಇದು. ಆದರೂ ಲೆಕ್ಕದ ಪುಸ್ತಕಕ್ಕೆ ಎರಡು ಪುಟಗಳಿರುವುವೆಂಬುದನ್ನು ನಾವು ಮರೆಯಬಾರದು. ಕೊಟ್ಟೆಯ ಹಾಳೆ ತೋಟದಲ್ಲಿಯೇ ದೊರೆಯುತ್ತಿತ್ತು. ಮೈಲುತುತ್ತವನ್ನು ಕಾಸು ಕೊಟ್ಟು ಅಂಗಡಿಯಿಂದ ತರಬೇಕಾಯಿತು. ಕೊಟ್ಟೆಯನ್ನು ಮಳೆಗೆ ಮುನ್ನ ಕಟ್ಟಿದರೆ ಆಗುತ್ತಿತ್ತು. ಔಷಧಿಯನ್ನಾದರೋ ಮಳೆಗಾಲದ ನಡುವೆ, ಹೊಳವು ಕಂಡ ಗಳಿಗೆಯಲ್ಲಿ, ಮರವಿನ್ನೂ ಪಾಚಿಗಟ್ಟಿ ಜಾರುತ್ತಿರುವಾಗಲೇ, ಎರಡನೆಯ ಸಲ ಏರಿ ಹೊಡೆಯಬೇಕಾಯಿತು. ಬೆಳೆಯ ಅಪಾಯ ಕಡಮೆಯಾದಾಗ, ಏರುವವನ ಅಪಾಯ ಹೆಚ್ಚಿತು. ಮೊದಲನೆಯ ಪುಟವನ್ನು ಬರೆದಿಟ್ಟವರು ಹಲವರು. ಎರಡನೆಯದನ್ನು ಬರೆದವರು ವಿರಳ.

ಅನಂತರ ರೈಲು ಬಂದಿತು. 1899ರಲ್ಲಿ ಶಿವಮೊಗ್ಗವನ್ನು ಮುಟ್ಟಿದ್ದ ಬೀರೂರಿನ ದಾರಿಯು ಅರಸಾಳು, ಆನಂದಪುರ, ಸಾಗರಗಳ ಮೇಲೆ ಸಾಗಿ 1940ರಲ್ಲಿ ತಾಳಗುಪ್ಪವನ್ನು ಸೇರಿತು. ರಿಪ್ಪನ್‌ಪೇಟೆಗೆ ಹತ್ತಿರದ ನಿಲ್ದಾಣವೇ ಅರಸಾಳು. ಗಾಡಿಯ ಎತ್ತುಗಳು ದಿನಗಟ್ಟಲೆ ನಡೆದು ಮುಟ್ಟುತ್ತಿದ್ದ ಮಂಡಿ ಹತ್ತಿರವಾಯಿತು. ಬೆಳೆಗಾರರು ದಲಾಲರ ಹಿಡಿತದಿಂದ ಬಿಡಿಸಿಕೊಳ್ಳಲು ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಎಂಬ ಅಡಕೆ ಮಾರಾಟ ಸಹಕಾರ ಸಂಘವನ್ನು ಕಟ್ಟಿಕೊಂಡದ್ದೂ ಆ ಕಾಲದಲ್ಲಿಯೇ, 1939ರಲ್ಲಿ.

ರೈಲಿನ ಹಿಂದೆ ವಿದ್ಯುತ್ತು. ಜೋಗದ ವಿದ್ಯುದಾಗಾರವು 1948ರಲ್ಲಿ ಕೆಲಸಕ್ಕೆ ತೊಡಗಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ನೀರು ಸಾಗರ ಮತ್ತು ಹೊಸನಗರದ ಎಷ್ಟೋ ಹಳ್ಳಿಗಳ ಮೇಲೆ ನಿಂತಿತು. ಗದ್ದೆ, ತೋಟ, ದೇವರಗುಡಿಗಳನ್ನು ಬಿಟ್ಟು ಜನರು ಗುಡ್ಡದ ಮೇಲಣ ಕಾಡಿಗೆ ಸಾಮಾನು ಹೊತ್ತರು. ಆ ನೀರು ಬೆಂಗಳೂರಿನ ಯಂತ್ರಗಳನ್ನು ತಿರುಗಿಸಿತು, ನಮ್ಮ ಮನೆಗಳ ದೀಪವನ್ನು ಉರಿಸಿತು. ನೀರಿಗೆ ಮನೆ ಕೊಟ್ಟವರಲ್ಲಿ ಹಲವರು ಬಹುಕಾಲ ಲಾಟೀನಿನ ಬೆಳಕಿನಲ್ಲಿಯೇ ಕಳೆದರು. ದೀಪದ ಗುಂಡಿಯನ್ನು ಒತ್ತುವಾಗ ಈ ಮಾತು ನಮ್ಮ ನೆನಪಿಗೆ ಬರುವುದುಂಟೆ?

ಕಾಲಕ್ರಮದಲ್ಲಿ ಆ ವಿದ್ಯುತ್ತು ಅಡಕೆಯ ಅಂಗಳಕ್ಕೂ ಬಂದಿತು. ಅದರ ಬೆನ್ನಲ್ಲಿ, ಈ ಇಪ್ಪತ್ತೊಂದನೆಯ ಶತಮಾನದಲ್ಲಿ, ಅಡಕೆ ಸುಲಿಯುವ ಯಂತ್ರವು ಮನೆಮನೆಗೂ ಹಬ್ಬಿತು. ಅದಕ್ಕೆ ಮುನ್ನ ಸುಲಿತವೆಂಬುದು ರಾತ್ರಿಯ ಕೆಲಸವಾಗಿತ್ತು. ಊಟವಾದ ಮೇಲೆ ಅಕ್ಕಪಕ್ಕದ ಮನೆಗಳವರು, ಕೆಲವರು ಕೂಲಿಗೆ, ಕೆಲವರು ಮುಯ್ಯಿಗೆ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ಚೊಗರಿನಿಂದ ಕೈ ಕಪ್ಪಾಗುತ್ತಿತ್ತು, ಬೆರಳು ಕೊಯ್ಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಅಲ್ಲಿಯೇ ಹಾಡು, ಒಗಟು, ಪ್ರಸಂಗದ ಮಾತು, ಊರಿನ ಸುದ್ದಿ. ಮಗಳ ಮದುವೆಯ ಮಾತುಕತೆಯೂ ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ನಾವು ರಿಪ್ಪನ್‌ಪೇಟೆಯ ಸಮೀಪದ ಒಂದು ಮನೆಗೆ ಸುಗ್ಗಿಯ ಕಾಲದಲ್ಲಿ ಹೋಗಿದ್ದೆವು. ಅಂಗಳದಲ್ಲಿ ಯಂತ್ರವು ಗಡಗಡನೆ ಓಡುತ್ತಿತ್ತು. ಅದರ ಬಳಿ ಕುಳಿತು ಯಂತ್ರ ಬಿಟ್ಟ ಅಡಕೆಯನ್ನು ಆರಿಸುತ್ತಿದ್ದ ವೃದ್ಧೆಯೊಬ್ಬಳನ್ನು, ಯಂತ್ರ ಬಂದದ್ದರಿಂದ ಹೇಗಾಯಿತೆಂದು ಕೇಳಿದೆವು. “ಒಳ್ಳೇದೇ ಆಯ್ತು ಮೇಷ್ಟ್ರೇ, ಬೆರಳು ಉಳೀತು” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೂಲಿ ಉಳೀಲಿಲ್ಲ” ಎಂದಳು. ಹತ್ತಾರು ಹೆಂಗಸರು ಸುಗ್ಗಿಯುದ್ದಕ್ಕೂ ದುಡಿದು, ತಮ್ಮದೇ ಎಂದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದ ಹಣವದು. ಅವಳಿಗೆ ಹೇಳಲು ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ಮರವೇರುವ ಕೆಲಸ. ಕೊನೆಗೌಡನ ಮಕ್ಕಳು ಶಾಲೆಗೆ ಹೋದರು, ಪಟ್ಟಣಕ್ಕೆ ಹೋದರು. ತಂದೆ ಜಾರಿಬಿದ್ದುದನ್ನು ಕಂಡ ಮಗನು ತಳೆಯನ್ನು ಮುಟ್ಟದಿದ್ದರೆ ಅವನನ್ನು ದೂಷಿಸುವವರಾರು? ಏರುವವರು ದೊರೆಯದೆ ಹೋದಾಗ, ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಹಗುರವಾದ ಕಾರ್ಬನ್ ಫೈಬರಿನ ಉದ್ದ ದೋಟಿಗಳು ಬಂದವು. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ಟರೆಂಬ ಕೃಷಿಕರು ಕುಳಿತು ಮರವೇರುವ ಮೋಟಾರಿನ ವಾಹನವನ್ನೇ ನಿರ್ಮಿಸಿ ಹೆಸರಾದರು. ಈಗ ಡ್ರೋನುಗಳು ಆಕಾಶದಿಂದಲೇ ಔಷಧಿ ಸಿಂಪಡಿಸುವ ಪ್ರಯೋಗಗಳೂ ನಡೆದಿವೆ. ಸುಲಿಯುವ ಯಂತ್ರವು ಇದ್ದ ಕೈಗಳನ್ನು ಬಿಡಿಸಿತು. ದೋಟಿಯಾದರೋ ಇಲ್ಲದ ಕೈಗಳ ಸ್ಥಾನಕ್ಕೆ ಬಂದಿತು. ಎರಡನ್ನೂ ಒಂದೇ ಮಾತಿನಲ್ಲಿ ಹೊಗಳುವುದೂ ತಪ್ಪು, ಹಳಿಯುವುದೂ ತಪ್ಪು. ಮರದಿಂದ ಬೀಳುವವನನ್ನು ನೆಲದ ಮೇಲೆ ನಿಲ್ಲಿಸಿದ ಉಪಕರಣಕ್ಕೆ ನಾವು ಕೈಮುಗಿಯಬೇಕು.

ಹೊಸ ವಿದ್ಯೆಯ ಅವಶ್ಯಕತೆ ಮುಗಿದಿಲ್ಲವೆಂಬುದಕ್ಕೂ ಇದೇ ತೋಟಗಳು ಸಾಕ್ಷಿ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿರೋಗವು ಹೊಸನಗರ, ತೀರ್ಥಹಳ್ಳಿಗಳ ತೋಟಗಳಲ್ಲಿ ಹರಡಿ, ಸೋಗೆಗಳನ್ನು ಸುಟ್ಟಂತೆ ಮಾಡುತ್ತಿದೆ. ಕೋಲ್ಮನ್ನರ ತಾಳ್ಮೆಯಂಥ ತಾಳ್ಮೆಯೂ ಅವರ ಸೂಕ್ಷ್ಮದರ್ಶಕಕ್ಕಿಂತ ಹರಿತವಾದ ಕಣ್ಣೂ ಇಂದು ಬೇಕಾಗಿವೆ. ಆದ್ದರಿಂದ ಯಂತ್ರ ಬೇಡ, ಹಿಂದಿನದೇ ಚೆನ್ನ ಎಂಬ ನಿಟ್ಟುಸಿರು ನಮ್ಮ ಬಾಯಿಂದ ಹೊರಡಕೂಡದು. ನಡುರಾತ್ರಿಯವರೆಗೆ ಅಡಕೆ ಸುಲಿದವರು ನಾವಲ್ಲ. ಆ ರಾತ್ರಿಗಳ ಸೊಗಸನ್ನು ವರ್ಣಿಸುವುದು ನಮಗೆ ಸುಲಭ.

ಇದೇ ಸೀಮೆಯಲ್ಲಿ ನಡೆದ ಇನ್ನೊಂದು ಘಟನೆಯನ್ನು ಹೇಳಿ ನಮ್ಮ ಮಾತನ್ನು ಮುಗಿಸುವೆವು. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಜಗಳ ಹತ್ತಿದ್ದು ಭತ್ತವನ್ನು ಅಳೆಯುವ ಕೊಳಗದ ಮೇಲೆ. ಬೆಳೆದವನು ಒಬ್ಬ, ಕೊಳಗವನ್ನು ಹಿಡಿದವನು ಇನ್ನೊಬ್ಬ. ಅಳತೆಯು ಹಿಡಿದವನ ಕಡೆಗೇ ವಾಲುತ್ತಿತ್ತು. ಕಾಗೋಡಿನ ರೈತರು ಭತ್ತ ಬೇಡವೆನ್ನಲಿಲ್ಲ, ಅಳೆಯಬೇಡಿರೆಂದೂ ಹೇಳಲಿಲ್ಲ; ಅಳತೆ ನ್ಯಾಯವಾಗಿರಲಿ ಎಂದರು. ಯಂತ್ರದ ವಿಷಯದಲ್ಲಿಯೂ ಕೇಳಬೇಕಾದ ಮಾತು ಇದೇ ಎಂದು ನಮಗೆ ತೋರುವುದು. ಯಂತ್ರವು ಉಳಿಸಿದ ಹೊತ್ತು ಯಾರ ಪಾಲಿಗೆ ಬಂದಿತು? ಅದು ಕಳೆದ ಕೂಲಿ ಯಾರ ಸೆರಗಿನಿಂದ ಹೋಯಿತು? ಈ ಎರಡನ್ನೂ ಒಂದೇ ಕೊಳಗದಲ್ಲಿ ಅಳೆದ ದಿನ, ರಿಪ್ಪನ್ನನ ಕಾಲದ ಆ ಸಣ್ಣ ಕಾಯಿದೆ ಗಿರಣಿಯ ಬಾಗಿಲಲ್ಲಿ ಕೇಳಿ ನಿಲ್ಲಿಸಿದ ಪ್ರಶ್ನೆಗೆ, ಅವನ ಹೆಸರಿನ ಪೇಟೆಯ ಅಂಗಳದಲ್ಲಿ ಉತ್ತರ ದೊರೆತಂತಾಗುವುದು. ಅಲ್ಲಿಯವರೆಗೆ, ತಟ್ಟೆಯಿಂದ ಒಂದು ಅಡಕೆಯನ್ನು ಎತ್ತಿಕೊಳ್ಳುವಾಗ, ಅದನ್ನು ಆರಿಸಿದ ಮುದುಕಿಯ ಕೈಯನ್ನು ಒಂದು ಗಳಿಗೆ ನೆನೆಯುವುದು ನಮ್ಮಿಂದ ಆಗದ ಕೆಲಸವೇನೂ ಅಲ್ಲ.