ಗೋಡೆಗೆ ಹತ್ತಿದ ಉಪ್ಪು

ನಮ್ಮ ಕೇರಿಯಲ್ಲಿ 1970ರ ದಶಕದ ಕೊನೆಯಲ್ಲಿ ಸರ್ಕಾರ ಕಟ್ಟಿಸಿದ ಮನೆಗಳ ಸಾಲೊಂದಿದೆ. ಜನರ ಬಾಯಲ್ಲಿ ಜನತಾ ಮನೆ. ನಾವು ಹುಟ್ಟಿ ಬೆಳೆದದ್ದು ಅಲ್ಲೇ. ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಬಿಳಿ ಹುಡಿ ಏಳುತ್ತಿತ್ತು. ಹುಡುಗರಾಗಿದ್ದಾಗ ನಾವು ಅದನ್ನು ಬೆರಳಿಂದ ಕೆರೆದು ನೆಕ್ಕಿ ನೋಡಿದ್ದೂ ಉಂಟು. ಉಪ್ಪುಪ್ಪು. ಅವ್ವಂದಿರು ವರ್ಷಕ್ಕೊಮ್ಮೆ ಸುಣ್ಣ ಬಳಿದು ಅದನ್ನು ಮುಚ್ಚುತ್ತಿದ್ದರು.

ಆಮೇಲೊಂದು ವರ್ಷ ಕಂಟ್ರಾಕ್ಟರನ ಆಳುಗಳು ಬಂದು ರಿಪೇರಿ ಅಂತ ಆ ಗೋಡೆಗಳಿಗೆ ಸಿಮೆಂಟು ಮೆತ್ತಿ ಹೋದರು. ಎರಡು ಮಳೆಗಾಲ ತಡೆಯಲಿಲ್ಲ. ಸಿಮೆಂಟು ಹಕ್ಕಳೆ ಹಕ್ಕಳೆಯಾಗಿ ಕಿತ್ತು ಬಂತು. ಬರುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬಂತು. ನೋಡಲು ಬಂದ ಅಧಿಕಾರಿಯೊಬ್ಬರು ಜೀಪಿನಿಂದ ಇಳಿಯದೆ ಒಂದು ಮಾತಂದರು: 'ಈ ಜನಕ್ಕೆ ಮನೆ ಕೊಟ್ರೂ ಇಟ್ಕೊಳೋಕೆ ಬರಲ್ಲ.'

ಆ ಮಾತು ನಮ್ಮೊಳಗೆ ಮುರಿದ ಮುಳ್ಳಿನ ಹಾಗೆ ಉಳಿದಿದೆ. ಇಟ್ಟಿಗೆ ಗೋಡೆಯನ್ನು ಇಟ್ಟುಕೊಳ್ಳಲು ಬರುವವರು ಯಾರು, ಬಾರದವರು ಯಾರು? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಆದರೆ ನಮ್ಮ ಪಠ್ಯಪುಸ್ತಕದ ಇತಿಹಾಸದಲ್ಲಿಲ್ಲ. ಅಲ್ಲಿ ರಾಜ ಕಟ್ಟಿಸಿದ, ದಿವಾನ ಕಟ್ಟಿಸಿದ. ಕಟ್ಟಿದವನು, ಕಟ್ಟಿದ್ದನ್ನು ಕಾಪಾಡಿದವನು ಯಾರು ಅಂತ ಕೇಳಿದರೆ ಪುಟ ಖಾಲಿ.

1

ಸಿಂಧೂ ಕಣಿವೆಯಿಂದಲೇ ಹಿಡಿಯೋಣ. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಹರಪ್ಪ, ಮೊಹೆಂಜೊದಾರೊಗಳಲ್ಲಿ ಸುಟ್ಟ ಇಟ್ಟಿಗೆಯ ಊರುಗಳಿದ್ದವು. ಇಟ್ಟಿಗೆಯ ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು. ದೊಡ್ಡ ಸ್ನಾನದ ಕೊಳಕ್ಕೆ ಜಿಪ್ಸಂ ಗಾರೆ ಹಾಕಿ, ನೀರು ಜಿನುಗದಂತೆ ಕಲ್ಲರಗು ಬಳಿದಿದ್ದರು. ಮೋರಿಗಳ ಮೇಲೆ ಎತ್ತಿ ತೆಗೆಯಬಹುದಾದ ಮುಚ್ಚಳ ಹಾಸಿದ್ದರು. ಮುಚ್ಚಳ ಇದ್ದದ್ದೇಕೆ? ಆಗಾಗ ತೆಗೆದು ಹೂಳೆತ್ತಲು. ಹಾಗಾದರೆ ಹೂಳೆತ್ತುವ ಕೈಗಳಿದ್ದವು ಎಂದಾಯಿತು. ಮೇಷ್ಟ್ರು ಪಾಠದಲ್ಲಿ ಚರಂಡಿ ವ್ಯವಸ್ಥೆಯನ್ನು ಹೊಗಳುವಾಗ ಆ ಕೈಗಳ ಬಗ್ಗೆಯೂ ಒಂದು ಪ್ರಶ್ನೆ ಕೇಳಲಿ.

ಆ ಊರುಗಳ ಇಟ್ಟಿಗೆಗೆ ಏನಾಯಿತು? ಬ್ರಿಟಿಷರು ಲಾಹೋರ್-ಮುಲ್ತಾನ್ ರೈಲು ದಾರಿ ಹಾಕುವಾಗ ಹರಪ್ಪದ ದಿಬ್ಬವನ್ನೇ ಅಗೆದು ಹಳಿಯ ಕೆಳಗೆ ಸುರಿದರು. ಸುಮಾರು 100 ಮೈಲಿ ದಾರಿಗೆ ಅದು ಜಲ್ಲಿಯಾಯಿತೆಂದು ಪುರಾತತ್ವದ ಅಧಿಕಾರಿ ಕನ್ನಿಂಗ್‌ಹ್ಯಾಮ್ ಬರೆದಿಟ್ಟಿದ್ದಾನೆ. ಸಾವಿರಾರು ವರ್ಷ ನೆಲದಡಿ ಕೆಡದೆ ಉಳಿದದ್ದು ಕೆಲವೇ ವರ್ಷಗಳಲ್ಲಿ ಪುಡಿಯಾಯಿತು.

ಮೊಹೆಂಜೊದಾರೊದ ಕತೆ ಬೇರೆ. 1922ರಿಂದ ಅಗೆದು ಹೊರತೆಗೆದ ಮೇಲೆ ಗೋಡೆಗಳನ್ನು ತಿನ್ನತೊಡಗಿದ್ದು ಉಪ್ಪು. ನೆಲದ ತೇವ ಇಟ್ಟಿಗೆಯೊಳಗೆ ಏರುತ್ತದೆ, ಜೊತೆಗೆ ಉಪ್ಪನ್ನು ಹೊತ್ತು ತರುತ್ತದೆ. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆದು ಇಟ್ಟಿಗೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಅದನ್ನು ಉಳಿಸಲು 1974ರಲ್ಲಿ ಯುನೆಸ್ಕೋ ಜಗತ್ತಿಗೇ ಕರೆಕೊಟ್ಟಿತು. ಅಲ್ಲಿ ದಿನನಿತ್ಯ ಕೈಗೆ ಬಂದ ಮದ್ದುಗಳಲ್ಲೊಂದು ಏನು ಗೊತ್ತೇ? ಉಪ್ಪಿಲ್ಲದ ಮಣ್ಣನ್ನು ಕಲಸಿ ಗೋಡೆಗೆ ಮೆತ್ತುವುದು. ಉಪ್ಪು ಆ ಮಣ್ಣಿಗೆ ಬರಲಿ, ಇಟ್ಟಿಗೆ ಉಳಿಯಲಿ, ಕೆಟ್ಟ ಮಣ್ಣನ್ನು ಕೆರೆದು ಹೊಸದು ಮೆತ್ತೋಣ ಅಂತ. ನಮ್ಮ ಅವ್ವಂದಿರು ವರ್ಷ ವರ್ಷ ಮಣ್ಣು, ಸುಣ್ಣ ಹಿಡಿದು ಮಾಡುತ್ತಿದ್ದದ್ದು ಇದೇ ಜಾತಿಯ ಕೆಲಸ. ಅವರಿಗೆ ಯಾರೂ ತಜ್ಞರು ಅನ್ನಲಿಲ್ಲ, ಅಷ್ಟೆ.

2

ಉಪ್ಪಿನ ಮಾತು ಬಂತಲ್ಲ, ಉಪ್ಪಾರರನ್ನು ಮರೆಯುವ ಹಾಗಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಮೈಸೂರು ಜನಗಣತಿ ವರದಿಗಳು ಇವರನ್ನು ಎರಡು ಕವಲಾಗಿ ಹೇಳುತ್ತವೆ. ಒಂದು ಕವಲು ಉಪ್ಪು ತೆಗೆಯುವುದು, ಇನ್ನೊಂದು ಇಟ್ಟಿಗೆ-ಗಾರೆ ಕೆಲಸ ಮಾಡುವುದು. ಚೌಳು ನೆಲದ ಮೇಲ್ಮಣ್ಣನ್ನು ಕೆರೆದು, ಗುಂಡಿಯಲ್ಲಿ ನೀರು ಹಾಯಿಸಿ, ಬಸಿದ ಉಪ್ಪುನೀರನ್ನು ಬಿಸಿಲಿಗಿಟ್ಟು ಉಪ್ಪು ಮಾಡುತ್ತಿದ್ದರು. ನೆಲದ ಉಪ್ಪು ಎಲ್ಲಿ ಏಳುತ್ತದೆ, ಯಾವ ಕಾಲದಲ್ಲಿ ಏಳುತ್ತದೆ ಅಂತ ಬಲ್ಲ ಕುಲ ಅದು. ಅಂಥವರಿಗಲ್ಲದೆ ಇನ್ನಾರಿಗೆ ಗೋಡೆಯ ಉಪ್ಪು ತಿಳಿದೀತು?

1805ರಲ್ಲಿ ಕಂಪನಿ ಸರ್ಕಾರ ಮದರಾಸು ಪ್ರಾಂತದಲ್ಲಿ ಉಪ್ಪನ್ನು ತನ್ನದೇ ಸ್ವತ್ತು ಮಾಡಿಕೊಂಡಿತು. ಮಣ್ಣುಪ್ಪು ತೆಗೆಯುವುದು ಕ್ರಮೇಣ ಅಪರಾಧವಾಯಿತು. 1930ರ ದಂಡಿ ನಮಗೆ ಗೊತ್ತು, ಅಂಕೋಲೆಯೂ ಗೊತ್ತು. ಸಮುದ್ರವನ್ನೇ ಕಾಣದ ಒಳನಾಡಿನಲ್ಲಿ ಉಪ್ಪಿನ ಕಸುಬು ಕಳಕೊಂಡು ಬುಟ್ಟಿ-ಗುದ್ದಲಿ ಹಿಡಿದು ಕೂಲಿಗೆ ನಡೆದವರ ಮೆರವಣಿಗೆಯನ್ನು ಯಾರೂ ಎಣಿಸಲಿಲ್ಲ.

ಇವರ ಜೊತೆಗೆ ಮಣ್ಣು ಅಗೆದ, ಕಲ್ಲು ಒಡೆದ ಒಡ್ಡರು, ಅಂದರೆ ಭೋವಿಗಳು. ಬುಟ್ಟಿ ಹೊತ್ತ ಹೊಲೆಯರು, ಮಾದಿಗರು. ಗಾರೆ ಅರೆದ ಹೆಣ್ಣಾಳುಗಳು. ಒಂದೊಂದು ಗೋಡೆಯಲ್ಲೂ ಇಷ್ಟು ಜನರ ಬೆವರು ಕೂತಿದೆ.

3

ಸಿಮೆಂಟಿಗೆ ಮುಂಚೆ ಈ ನಾಡು ನಿಂತದ್ದು ಸುಣ್ಣದ ಮೇಲೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರಲ್ಲಿ ಅರಳಿಸಿ, ಮರಳು ಸೇರಿಸಿ, ಗಾಣಕ್ಕೆ ಎತ್ತು ಕಟ್ಟಿ ಅರೆದರೆ ಗಾರೆ. ಕಡೆ ಹಿಡಿಯಲೆಂದು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಪುಡಿಮಾಡಿ ಬೆರೆಸಿದರೆ ಅದು ಸುರ್ಕಿ ಗಾರೆ, ನೀರೊಳಗೂ ಗಟ್ಟಿಯಾಗುತ್ತದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹಿಯ ಗೋರಿಯ ಮೇಲಿನ ಆ ದೊಡ್ಡ ಗುಮ್ಮಟ, ನಮ್ಮ ವಿಜಾಪುರದ ಗೋಲ್ ಗುಂಬಜ್, ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ. ಮಂಡ್ಯದ ಗದ್ದೆಗೆ ನೀರು ಬಂದದ್ದನ್ನು ನೆನೆಯುವಾಗ ವಿಶ್ವೇಶ್ವರಯ್ಯನವರ ಹೆಸರು ಬರುತ್ತದೆ, ಬರಲಿ. ಆ ಇಟ್ಟಿಗೆಯನ್ನು ಪುಡಿ ಮಾಡಿದವರ, ಸುಣ್ಣ ತಿಂದು ಸೀಳಿದ ಅಂಗೈಗಳ ಹೆಸರೂ ಬರಬೇಕಲ್ಲ?

ಇನ್ನೊಂದು ಕಡೆ ನೋಡಿ. ಅಸ್ಪೃಶ್ಯರು ಮಾಡಬಾರದ ಅಪರಾಧಗಳೆಂದು ಹಳ್ಳಿಗಳು ವಿಧಿಸಿದ್ದ ಕಟ್ಟಲೆಗಳನ್ನು ಬಾಬಾಸಾಹೇಬರು ಪಟ್ಟಿ ಮಾಡಿದ್ದಾರೆ. ಅದರಲ್ಲೊಂದು: ಕೈಯಲ್ಲಿ ದುಡ್ಡಿದ್ದರೂ ಹೆಂಚಿನ ಮನೆ ಕಟ್ಟಬಾರದು. ಮಣ್ಣು ತುಳಿದವನಿಗೆ, ಗೂಡಿಗೆ ಸೌದೆ ಹೊತ್ತವಳಿಗೆ ಸುಟ್ಟ ಮಣ್ಣಿನ ಸೂರು ನಿಷಿದ್ಧ! ದೇವಸ್ಥಾನದ ಗೋಪುರ ಬಿರುಕು ಬಿಟ್ಟಾಗ ಸಾರುವೆ ಕಟ್ಟಿ ಕಳಸದವರೆಗೂ ಹತ್ತಬಹುದು. ಕೆಲಸ ಮುಗಿದು ಇಳಿದರೆ ಶುದ್ಧಿ, ಹೊಸ್ತಿಲಾಚೆ ನಿಲ್ಲಬೇಕು. ಗೋಡೆಗೆ ಮೈಲಿಗೆಯಿಲ್ಲ, ಗೋಡೆ ಕಟ್ಟಿದವನಿಗೆ ಮೈಲಿಗೆ. ಗೋಡೆಯ ಸಂದಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆತು ಇಟ್ಟಿಗೆ ಸೀಳಿದರೆ ದೇವರ ಮರ ಅಂತ ಅವರು ಮುಟ್ಟರು. ಕಿತ್ತು ಪಾಪ ಕಟ್ಟಿಕೊಳ್ಳಲು ಮತ್ತೆ ಕೇರಿಗೆ ಕರೆ.

ಬೆಂಗಳೂರಿನ ಅಠಾರಾ ಕಚೇರಿ, 1868ರಲ್ಲಿ ಮುಗಿದ ಆ ಕೆಂಪು ಕಟ್ಟಡ, ಈಗಿನ ಹೈಕೋರ್ಟು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ಎದ್ದು ನಿಂತು ಉಳಿಸಿಕೊಂಡರು. ಒಳ್ಳೆಯ ಕೆಲಸ. ಆದರೆ ಅದೇ ದಶಕದಲ್ಲಿ ನಮ್ಮ ಕೇರಿಯ ಗೋಡೆಗಳು ಉದುರುತ್ತಿದ್ದಾಗ ಯಾರೂ ಎದ್ದು ನಿಲ್ಲಲಿಲ್ಲ. ಪರಂಪರೆ ಎಂಬ ಮಾತಿಗೂ ಕೇರಿ ಉಂಟು, ಅಗ್ರಹಾರ ಉಂಟು.

4

ಇನ್ನು ಸಿಮೆಂಟು. ಈಗ ನಾವು ಬಳಸುವ ಪೋರ್ಟ್‌ಲೆಂಡ್ ಸಿಮೆಂಟಿಗೆ 1824ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟಾಯಿತು. ಮುಂದಿನ ಶತಮಾನದಲ್ಲಿ ನಮ್ಮ ಹಳ್ಳಿಗೂ ಬಂತು. ಸಿಮೆಂಟು ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಹೊಸ ಕಟ್ಟಡಕ್ಕೆ, ಗಟ್ಟಿ ಇಟ್ಟಿಗೆಗೆ ಅದರ ಜಾಗ ಅದಕ್ಕಿದೆ. ಮೆದು ನಾಡ ಇಟ್ಟಿಗೆಯ ಹಳೆ ಗೋಡೆಗೆ ಮೆತ್ತಿದಾಗ ಬರುತ್ತದೆ ಆಪತ್ತು. ಗೋಡೆಯೊಳಗಿನ ತೇವ ಹೊರಬರಲು ದಾರಿ ಹುಡುಕುತ್ತದೆ. ಸುಣ್ಣದ ಸಂದು ಆ ದಾರಿ ಕೊಡುತ್ತದೆ. ಸಿಮೆಂಟು ಬಾಗಿಲು ಹಾಕುತ್ತದೆ. ಆಗ ತೇವವೂ ಉಪ್ಪೂ ಇಟ್ಟಿಗೆಯ ಮುಖದಿಂದಲೇ ನುಗ್ಗಬೇಕು. ಸಂದು ಉಳಿಯುತ್ತದೆ, ಇಟ್ಟಿಗೆ ಸಾಯುತ್ತದೆ. ನಮ್ಮ ಮನೆಗಳಲ್ಲಿ ಆದದ್ದು ಇದು. ತಪ್ಪು ಮನೆಯಲ್ಲಿದ್ದವರದಲ್ಲ, ಮೆತ್ತಿದವರದು.

ನಮ್ಮೂರ ಹತ್ತಿರದ ಹಳೆ ಮೇಸ್ತ್ರಿಯೊಬ್ಬರಿಂದ ನಾವು ಕಲಿತ ಪಾಠವನ್ನು ಇಲ್ಲಿ ಬರೆದಿಡುತ್ತೇವೆ. ಶಾಲೆಯ ಗೋಡೆ, ಮನೆಯ ಗೋಡೆ ಎರಡಕ್ಕೂ ಆದೀತು.

ಮೊದಲು ಕರಣೆ ಮುಟ್ಟಬೇಡಿ, ನೀರಿನ ಜಾಡು ಹಿಡಿಯಿರಿ. ಸೂರಿನ ಹೆಂಚು ಒಡೆದಿದೆಯೇ? ಬಚ್ಚಲ ನೀರು ಬುಡದಲ್ಲಿ ನಿಲ್ಲುತ್ತದೆಯೇ? ರಸ್ತೆಗೆ ಮಣ್ಣು ಹಾಕಿ ಹಾಕಿ ಹೊರಗಿನ ನೆಲ ಮನೆಯ ನೆಲಕ್ಕಿಂತ ಎತ್ತರವಾಗಿದೆಯೇ? ಇದನ್ನು ಸರಿಮಾಡದೆ ಗೋಡೆ ಮುಟ್ಟಿದರೆ ದುಡ್ಡು ದಂಡ. ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಓಡಿದ್ದರೆ ಪಾಯ ಕುಸಿಯುತ್ತಿರಬಹುದು. ಅದರ ಮೇಲೊಂದು ಸುಣ್ಣದ ಪಟ್ಟಿ ಎಳೆದು ತಾರೀಕು ಬರೆದಿಡಿ. ಪಟ್ಟಿ ಒಡೆದರೆ ಬಿರುಕು ಇನ್ನೂ ಜೀವಂತ.

ಆಮೇಲೆ ಸತ್ತ ಸಂದನ್ನು ಉಳಿ-ಸುತ್ತಿಗೆಯಿಂದ ಮೆಲ್ಲಗೆ ಕೆರೆಯಿರಿ. ಸಂದಿನ ಅಗಲದ ಎರಡರಷ್ಟಾದರೂ ಆಳ ಇರಲಿ. ಇಟ್ಟಿಗೆಯ ಅಂಚು ಮುಕ್ಕಾಗಬಾರದು. ಧೂಳು ಗುಡಿಸಿ ನೀರು ಚಿಮುಕಿಸಿ. ಒಂದು ಪಾಲು ಸುಣ್ಣಕ್ಕೆ ಸುರ್ಕಿ, ಮರಳು ಎರಡೂ ಸೇರಿ ಎರಡು-ಮೂರು ಪಾಲು. ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು. ಇದೊಂದು ಮಾತು ಮರೆಯಬೇಡಿ. ಒತ್ತಿ ತುಂಬಿ, ಒದ್ದೆ ಗೋಣಿ ಇಳಿಬಿಟ್ಟು ವಾರವಾದರೂ ತೇವ ಕಾಯಬೇಕು. ತೀರಾ ಕೊಳೆತ ಇಟ್ಟಿಗೆಯನ್ನು ಬಿಡಿಸಿ ತೆಗೆದು, ಅದೇ ಅಳತೆಯ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ ಕೂರಿಸಬೇಕು. ಸುಣ್ಣ ಅರಳಿಸುವಾಗ ಕಣ್ಣು ಜೋಪಾನ.

5

ಹೋದ ಕಾಲದ ಮಾತಾಯಿತು, ಇಂದಿನ ಇಟ್ಟಿಗೆಯೂ ಒಂದು ಮಾತು ಕೇಳುತ್ತದೆ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಆದರೂ ಮುಂಗಡ ಕೊಟ್ಟು ಇಡೀ ಸಂಸಾರವನ್ನೇ ಗೂಡಿಗೆ ತರುವ ಪದ್ಧತಿ ಸತ್ತಿಲ್ಲ. ಒಡಿಶಾದ ಬಲಾಂಗೀರದಂಥ ಜಿಲ್ಲೆಗಳಿಂದ ದಲಿತ, ಆದಿವಾಸಿ ಸಂಸಾರಗಳು ದಕ್ಷಿಣದ ಗೂಡುಗಳಿಗೆ ಬರುತ್ತವೆ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಮಗು ಇಟ್ಟಿಗೆ ಮಗುಚುತ್ತದೆ. ಎಣಿಕೆ ಅಪ್ಪನ ಹೆಸರಿಗೆ, ಸಾಲವೂ ಅಪ್ಪನ ಹೆಸರಿಗೆ. ಕಟ್ಟಡ ಕಾರ್ಮಿಕರಿಗೆ 1996ರಲ್ಲಿ ಕಾನೂನು ಬಂತು. ಅದರ ಚೀಟಿ ಎಷ್ಟು ಜನರ ಕೈಗೆ ತಲುಪಿದೆ ಅಂತ ಓದುವ ಗೆಳೆಯರು ತಮ್ಮ ತಮ್ಮ ಊರಲ್ಲಿ ಕೇಳಿ ನೋಡಬೇಕು.

ಆ ಮೇಸ್ತ್ರಿಯನ್ನು ಕರೆದುಕೊಂಡು ನಾವು ಕೇರಿಯ ಒಂದು ಮನೆಯ ಸಿಮೆಂಟು ಕೆರೆದು, ಸುಣ್ಣದಿಂದ ಸಂದು ತುಂಬಿದೆವು. ಬಚ್ಚಲ ನೀರಿಗೆ ಬೇರೆ ಕಾಲುವೆ ತೋಡಿದೆವು. ಎರಡು ಮಳೆಗಾಲ ಕಳೆದಿದೆ. ಉಪ್ಪು ನಿಂತಿಲ್ಲ, ಸುಳ್ಳೇಕೆ ಹೇಳೋಣ. ಆದರೆ ಈಗದು ಸಂದಿನಿಂದ ಏಳುತ್ತಿದೆ, ಇಟ್ಟಿಗೆ ಉಳಿದಿದೆ. ಸಂದು ಸತ್ತರೆ ಮತ್ತೆ ತುಂಬುತ್ತೇವೆ. ಒಂದು ಬಾಂಡ್ಲಿ ಗಾರೆ, ಎರಡು ದಿನದ ಕೆಲಸ. ಕಟ್ಟಲು ದುಡ್ಡು ಕೊಟ್ಟ ಸರ್ಕಾರ ಕಾಪಾಡಲು ಒಂದು ಪಾಲು ಎತ್ತಿಡಲಿ, ಆ ಕೂಲಿ ಕೇರಿಯ ಕೈಗೇ ಬರಲಿ ಅಂತ ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಅರ್ಜಿಯ ಜೊತೆ ಗೋಡೆಯಿಂದ ಉದುರಿದ ಇಟ್ಟಿಗೆಯ ಮುಖವೊಂದನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇವೆ.

ಜೀಪಿನಿಂದ ಇಳಿದು ಬಂದು ನೋಡಲಿ. ಇಟ್ಟುಕೊಳ್ಳಲು ಯಾರಿಗೆ ಬರುತ್ತದೆ ಅಂತ ಗೋಡೆಯೇ ಹೇಳುತ್ತದೆ.