ಚಟವೋ, ಜಡ್ಡೋ?

ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದ ಕಡೆ ಕಾಯಿಲೆಗೆ ‘ಜಡ್ಡು’ ಎನ್ನುತ್ತಾರೆ. ಜಡ್ಡಾದವನನ್ನು ಯಾರೂ ಬೈಯುವುದಿಲ್ಲ. ಗಂಜಿ ಕಾಸಿ ಕುಡಿಸುತ್ತಾರೆ, ಸಾಲ ಮಾಡಿಯಾದರೂ ದವಾಖಾನೆಗೆ ಕರೆದೊಯ್ಯುತ್ತಾರೆ. ‘ಚಟ’ದ ಮಾತೇ ಬೇರೆ. ತಂಬಾಕು, ಸೆರೆ, ಇಸ್ಪೀಟು, ಓಸಿ ಇವು ಚಟಗಳು. ಚಟ ಹತ್ತಿದವನಿಗೆ ಮನೆಯಲ್ಲಿ ಬೈಗುಳ, ಊರಲ್ಲಿ ಬುದ್ಧಿಮಾತು, ಕೊನೆಗೆ ದೇವರ ಮುಂದೆ ಆಣೆ. ಹಾಗಾದರೆ, ರಾತ್ರಿ ಎರಡು ಗಂಟೆಯವರೆಗೆ ಹೊದಿಕೆಯೊಳಗೆ ಮೊಬೈಲು ಹಿಡಿದು ಪರದೆಯ ಮೇಲಿನ ಶತ್ರುವಿಗೆ ಗುಂಡು ಹಾರಿಸುತ್ತ, ಬೆಳಿಗ್ಗೆ ಶಾಲೆಗೆ ಏಳಲಾರದ ಹುಡುಗನಿಗೆ ಹತ್ತಿದ್ದು ಚಟವೋ, ಜಡ್ಡೋ?

ವಿಶ್ವ ಆರೋಗ್ಯ ಸಂಸ್ಥೆ ಇದು ಜಡ್ಡೇ ಎಂದು ತೀರ್ಮಾನಿಸಿದೆ. ಅದರ ರೋಗಪಟ್ಟಿಯ ಹನ್ನೊಂದನೆಯ ಪರಿಷ್ಕರಣೆಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎಂಬ ಹೆಸರು ಸೇರಿತು. 2019ರ ಮೇ ತಿಂಗಳಲ್ಲಿ ಸದಸ್ಯ ರಾಷ್ಟ್ರಗಳು ಅದನ್ನು ಒಪ್ಪಿದವು; 2022ರ ಜನವರಿ 1ರಿಂದ ಅದು ಜಾರಿಗೆ ಬಂತು. ಆಟವನ್ನು ತಡೆಹಿಡಿಯುವ ಶಕ್ತಿ ಕುಂದಿರಬೇಕು. ಊಟ, ಓದು, ಕೆಲಸ, ನಂಟು ಎಲ್ಲಕ್ಕಿಂತ ಆಟವೇ ಮೇಲಾಗಿರಬೇಕು. ಹಾನಿಯಾಗುತ್ತಿದೆ ಎಂದು ಕಂಡರೂ ಆಟ ಮುಂದುವರಿದಿರಬೇಕು. ಇದರಿಂದ ಬದುಕು ನಿಜವಾಗಿ ಕೆಟ್ಟಿರಬೇಕು, ಈ ಸ್ಥಿತಿ ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಇರಬೇಕು. ದಿನಕ್ಕೆ ಇಷ್ಟು ಗಂಟೆ ಎಂಬ ಲೆಕ್ಕ ಅಲ್ಲಿಲ್ಲ ಎಂಬುದನ್ನು ತಂದೆತಾಯಿಗಳು ಗಮನಿಸಬೇಕು. ಆಡುವವರಲ್ಲಿ ತೀರ ಕೆಲವರಿಗೆ ಮಾತ್ರ ಈ ಹೆಸರು ಸಲ್ಲುತ್ತದೆ ಎಂದು ಸಂಸ್ಥೆಯೇ ಹೇಳಿದೆ.

ಅಮೆರಿಕದ ಮನೋವೈದ್ಯರ ಸಂಘ ಇನ್ನೂ ಹಿಂದುಮುಂದು ನೋಡಿತು. 2013ರ ತನ್ನ ಕೈಪಿಡಿಯಲ್ಲಿ ಇದನ್ನು ಮುಖ್ಯ ಪಟ್ಟಿಗೆ ಸೇರಿಸದೆ, ‘ಇನ್ನಷ್ಟು ಅಧ್ಯಯನ ಬೇಕಾದ’ ಸ್ಥಿತಿಗಳ ಸಾಲಿನಲ್ಲಿಟ್ಟಿತು. ವಿಶ್ವ ಸಂಸ್ಥೆಯ ಪ್ರಸ್ತಾವ ಬಂದಾಗ ಹಲವು ದೇಶಗಳ ವಿದ್ವಾಂಸರು ಕೂಡಿ ಬಹಿರಂಗವಾಗಿಯೇ ವಿರೋಧಿಸಿದರು. ಕುಡಿತ ಮತ್ತು ಜೂಜಿಗೆ ಮಾಡಿದ ಅಳತೆಗೋಲನ್ನು ಆಟಕ್ಕೆ ಹಚ್ಚಲಾಗಿದೆ. ಖಿನ್ನತೆಯಿಂದಲೋ ಆತಂಕದಿಂದಲೋ ಬಳಲುವ ಹುಡುಗ ಆಟದಲ್ಲಿ ಅಡಗಿಕೊಂಡಿರಬಹುದು, ಆಗ ಆಟ ರೋಗವಲ್ಲ, ರೋಗದ ಲಕ್ಷಣ. ಚೆನ್ನಾಗಿಯೇ ಇರುವ ಲಕ್ಷಾಂತರ ಮಕ್ಕಳ ಮೇಲೆ ಸುಮ್ಮನೆ ಕಳಂಕ ಬರುತ್ತದೆ. ಇವು ಅವರ ವಾದಗಳು.

ಈ ಜಗಳ ಹೊಸದೆಂದು ತೋರುತ್ತದೆ. ಹೊಸದಲ್ಲ. ಕನ್ನಡದ ‘ವ್ಯಸನ’ ಎಂಬ ಮಾತನ್ನೇ ನೋಡಿ. ‘ವ್ಯಸನಪಡಬೇಡ’ ಎಂದರೆ ದುಃಖಪಡಬೇಡ ಎಂದರ್ಥ. ‘ದುರ್ವ್ಯಸನಿ’ ಎಂದರೆ ಕೆಟ್ಟ ಚಟದವನು. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣ ಪೂರ್ತಿ ವ್ಯಸನಗಳ ವಿಚಾರ. ಅಲ್ಲಿ ನೆರೆ, ಬರ, ಬೆಂಕಿಗಳೂ ವ್ಯಸನವೇ, ರಾಜನ ಜೂಜೂ ವ್ಯಸನವೇ. ಮನುಷ್ಯನನ್ನು ಒಳ್ಳೆಯದರಿಂದ ದೂರಕ್ಕೆ ಒಗೆಯುವಂಥದ್ದೆಲ್ಲ ವ್ಯಸನ ಎಂಬುದು ಅವನ ವಿವರಣೆ.

ಬೇಟೆ ಕೆಟ್ಟದ್ದೋ, ಜೂಜು ಕೆಟ್ಟದ್ದೋ ಎಂದು ಅವನು ಚರ್ಚಿಸುವ ಭಾಗವಂತೂ ಇಂದಿನ ಪಾಲಕರು ಓದಬೇಕಾದದ್ದು. ಬೇಟೆಯಲ್ಲಿ ಮೈಗೆ ವ್ಯಾಯಾಮವಾದರೂ ಸಿಗುತ್ತದೆ, ಬೊಜ್ಜು ಕರಗುತ್ತದೆ. ಜೂಜಾಡುವವನಾದರೋ ರಾತ್ರಿ ದೀಪ ಹಚ್ಚಿಕೊಂಡು ಆಡುತ್ತಾನೆ, ತಾಯಿ ಸತ್ತು ಬಿದ್ದಿದ್ದರೂ ಆಡುತ್ತಾನೆ, ಕಷ್ಟದಲ್ಲಿರುವಾಗ ಏನಾದರೂ ಕೇಳಿದರೆ ಸಿಟ್ಟಾಗುತ್ತಾನೆ. ಮಲಮೂತ್ರ ತಡೆಹಿಡಿದು, ಹಸಿದುಕೊಂಡು ಕೂತು ವ್ಯಾಧಿ ತಂದುಕೊಳ್ಳುತ್ತಾನೆ ಎಂದೂ ಅಲ್ಲಿದೆ. ದೀಪದ ಜಾಗದಲ್ಲಿ ಮೊಬೈಲಿನ ಪರದೆ ಇಟ್ಟರೆ ಉಳಿದದ್ದೇನನ್ನೂ ಬದಲಿಸಬೇಕಾಗಿಲ್ಲ. ಆದರೆ ಒಂದು ಸೂಕ್ಷ್ಮವಿದೆ. ಕೌಟಿಲ್ಯನ ಪಾಲಿಗೆ ಜೂಜು ವ್ಯಸನ. ವ್ಯಾಧಿ ಅದರಿಂದ ಆಮೇಲೆ ಬರುವಂಥದ್ದು. ಎರಡನ್ನೂ ಅವನು ಒಂದು ಮಾಡಲಿಲ್ಲ.

ಅದಕ್ಕಿಂತ ಹಳೆಯ ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳಿನ ಸೂಕ್ತವಿದೆ. ಇನ್ನು ಹೋಗುವುದಿಲ್ಲ ಎಂದು ನಿಶ್ಚಯಿಸಿದವನು ದಾಳಗಳ ಸದ್ದು ಕೇಳಿದೊಡನೆ ಎದ್ದು ನಡೆಯುತ್ತಾನೆ. ಧರ್ಮರಾಯನ ಕಥೆ ಪಂಪ, ಕುಮಾರವ್ಯಾಸರಿಂದ ನಮಗೆ ಇನ್ನೂ ಹತ್ತಿರದ್ದು. ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲ ಸೋತ ಮೇಲೆ, ಹೇಗೋ ಎಲ್ಲವೂ ಮರಳಿ ಕೈಗೆ ಬಂದ ಮೇಲೆ, ಮತ್ತೆ ಕರೆದರೆ ಮತ್ತೆ ಪಗಡೆಗೆ ಕೂತ. ಹಾನಿ ಕಂಡರೂ ಮುಂದುವರಿಸುವುದು ಎಂಬ ಮೂರನೆಯ ಲಕ್ಷಣಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಯಾವ ವೈದ್ಯರ ಹೊತ್ತಗೆಯಲ್ಲಿದೆ? ಹಾಗೆಂದು ಅವನನ್ನು ಯಾರೂ ರೋಗಿ ಎನ್ನಲಿಲ್ಲ. ಧರ್ಮರಾಯನೆಂಬ ಹೆಸರನ್ನೂ ಕಿತ್ತುಕೊಳ್ಳಲಿಲ್ಲ.

ಆಟವನ್ನೇ ಪಾಪವೆಂದ ನಾಡಲ್ಲ ಇದು. ನಾಲತವಾಡದ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ವಿನೋದಕ್ಕೆ ಒಂದು ಭಾಗ, ಕ್ರೀಡೆಗೆ ಒಂದು ಭಾಗ ಮೀಸಲು. ಚದುರಂಗ, ಪಗಡೆ, ಕವಡೆಯಾಟಗಳ ವಿವರವೂ ಉಂಟು. ನಮ್ಮ ಹಳ್ಳಿಗಳಲ್ಲಿ ನಾಗರ ಪಂಚಮಿ ಬಂತೆಂದರೆ ಜೋಕಾಲಿ ಕಟ್ಟುತ್ತಾರೆ, ನಿಂಬೆಹಣ್ಣು ಒಗೆಯುವ ಪಂದ್ಯ ಹೂಡುತ್ತಾರೆ, ಇಸ್ಪೀಟಿನ ಎಲೆಗಳೂ ಹೊರಬರುತ್ತವೆ. ಹಬ್ಬ ಮುಗಿದರೆ ಜೋಕಾಲಿಯ ಹಗ್ಗ ಬಿಚ್ಚಿ ಎತ್ತುಗಳಿಗೆ ಕಟ್ಟುತ್ತಾರೆ. ಆಟಕ್ಕೆ ಒಂದು ಕೊನೆ ಇತ್ತು, ಆ ಕೊನೆಯನ್ನು ಊರು ಇಡುತ್ತಿತ್ತು. ಮೊಬೈಲಿನ ಆಟಕ್ಕೆ ಹಬ್ಬ ಮುಗಿಯುವುದೆಂಬುದೇ ಇಲ್ಲ. ಮುಗಿಯದಂತೆಯೇ ಅದನ್ನು ಮಾಡಿರುತ್ತಾರೆ: ದಿನಾ ಬಂದವನಿಗೆ ಬಹುಮಾನ, ಬಿಟ್ಟವನಿಗೆ ನಷ್ಟ, ಜೊತೆಗಾರರನ್ನು ನಡುವೆ ಬಿಟ್ಟೆದ್ದರೆ ಅವಮಾನ.

ಚಟಗಳು ಜಡ್ಡುಗಳ ಪಟ್ಟಿಗೆ ಸೇರತೊಡಗಿದ್ದು ಯುರೋಪು, ಅಮೆರಿಕಗಳಲ್ಲಿ, ಕಳೆದ ಇನ್ನೂರೈವತ್ತು ವರ್ಷಗಳೀಚೆಗೆ. ಅಮೆರಿಕದ ಬೆಂಜಮಿನ್ ರಶ್ 1784ರಲ್ಲಿ, ಬ್ರಿಟನ್ನಿನ ಥಾಮಸ್ ಟ್ರಾಟರ್ 1804ರಲ್ಲಿ ಕುಡಿತವನ್ನು ವೈದ್ಯರ ಕಣ್ಣಿನಿಂದ ನೋಡಿ ಬರೆದರು. ಸ್ವೀಡನ್ನಿನ ಮ್ಯಾಗ್ನಸ್ ಹಸ್ 1849ರಲ್ಲಿ ‘ಆಲ್ಕೊಹಾಲಿಸಂ’ ಎಂಬ ಹೆಸರನ್ನೇ ಕೊಟ್ಟ. ಜೂಜು ಅಮೆರಿಕದ ಕೈಪಿಡಿ ಸೇರಿದ್ದು 1980ರಲ್ಲಿ. ಇದರಿಂದ ಕುಡುಕನಿಗೆ ಬೈಗುಳದ ಬದಲು ಚಿಕಿತ್ಸೆ ಸಿಕ್ಕಿತು ಎಂಬುದು ನಿಜ. ಆದರೆ ಅದೇ ಕೈಪಿಡಿ 1973ರವರೆಗೆ ಸಲಿಂಗ ಪ್ರೇಮವನ್ನೂ ರೋಗವೆಂದೇ ಎಣಿಸಿತ್ತು. ಪಟ್ಟಿ ಮಾಡುವವರೂ ತಮ್ಮ ಕಾಲದ ಮನುಷ್ಯರೇ.

ಇಲ್ಲಿ ನಮ್ಮ ನೆಲದ್ದೇ ಒಂದು ಪಾಠವಿದೆ. ಬುದ್ಧಿ ಕೆಟ್ಟವರ ಬಗ್ಗೆ ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು’ ಎನ್ನುವ ಮಾತು ಇಂದಿಗೂ ಇದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ತೆರೆದ ಹುಚ್ಚಾಸ್ಪತ್ರೆಯೇ ಇಂದಿನ ಡಿಮ್ಹಾನ್ಸ್. ಆ ಕಾಲದ ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಹುಚ್ಚಿಗೆ ಕಾರಣ ಬರೆಯುವ ಅಂಕಣವೊಂದಿತ್ತು. ದೇಶದ ಉದ್ದಗಲಕ್ಕೆ ಆ ಅಂಕಣದಲ್ಲಿ ‘ಗಾಂಜಾ’ ಎಂಬ ಉತ್ತರ ಎಷ್ಟು ತುಂಬಿತೆಂದರೆ, ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದೇ ಶಾಸ್ತ್ರವಾಯಿತು. ಸರ್ಕಾರ 1893ರಲ್ಲಿ ಒಂದು ಆಯೋಗ ನೇಮಿಸಿತು. ಆಯೋಗ 1892ರಲ್ಲಿ ದಾಖಲಾದ ರೋಗಿಗಳ ಕಡತಗಳನ್ನು ಒಂದೊಂದಾಗಿ ಬಿಚ್ಚಿತು. ಗಾಂಜಾದಿಂದ ಎಂದು ಬರೆದಿದ್ದ 222 ಪ್ರಕರಣಗಳಲ್ಲಿ ಹಾಗೆ ಹೇಳಲು ಆಧಾರವಿದ್ದವು 98 ಮಾತ್ರ. ಉಳಿದವುಗಳಲ್ಲಿ ಆಗಿದ್ದೇನು? ರೋಗಿಯನ್ನು ಕರೆತಂದ ಪೊಲೀಸರಿಗೆ ಕಾರಣ ತಿಳಿದಿರಲಿಲ್ಲ, ಅಂಕಣ ಖಾಲಿ ಬಿಡುವಂತಿರಲಿಲ್ಲ, ಮನುಷ್ಯ ಗಾಂಜಾ ಸೇದುತ್ತಿದ್ದನೆಂದು ಯಾರೋ ಹೇಳಿದರು, ಅದನ್ನೇ ಬರೆದರು. ಆಸ್ಪತ್ರೆಯವರು ಅದನ್ನೇ ನಕಲು ಮಾಡಿಕೊಂಡರು. ಎಷ್ಟೋ ಸಲ ಹುಚ್ಚು ಮೊದಲು ಬಂದು ಗಾಂಜಾ ಆಮೇಲೆ ಸೇರಿರಬಹುದಾಗಿತ್ತು.

ಇಂದು ‘ಆಟದಿಂದ ಕೆಟ್ಟ’ ಎನ್ನುವಾಗಲೂ ಈ ಅಂಕಣದ ನೆನಪು ಇರಬೇಕು. 2019ರಲ್ಲಿ ಬೆಳಗಾವಿ ಬಳಿ ಮಗನೇ ತಂದೆಯನ್ನು ಕೊಂದ ಸುದ್ದಿ ಬಂದಾಗ ದೇಶದ ಪತ್ರಿಕೆಗಳೆಲ್ಲ ಪಬ್‌ಜಿಯ ಹೆಸರನ್ನೇ ಶೀರ್ಷಿಕೆಯಲ್ಲಿ ಹಾಕಿದವು. ಒಂದು ಕೊಲೆಗೆ ಒಂದೇ ಕಾರಣ, ಅದೂ ಒಂದೇ ಪದದಲ್ಲಿ!

ಆಟದ ಯಂತ್ರಗಳ ಮೇಲಿನ ಭಯಕ್ಕೂ ತನ್ನದೇ ಇತಿಹಾಸವುಂಟು. ಜಪಾನಿನ ಸ್ಪೇಸ್ ಇನ್ವೇಡರ್ಸ್ 1978ರಲ್ಲಿ ಬಂತು. 1981ರಲ್ಲೇ ಬ್ರಿಟನ್ ಸಂಸತ್ತಿನಲ್ಲಿ ಅದನ್ನು ಹತೋಟಿಯಲ್ಲಿಡುವ ಮಸೂದೆ ಮಂಡಿಸಲು ಜಾರ್ಜ್ ಫೌಕ್ಸ್ ಎಂಬ ಸದಸ್ಯರು ಅನುಮತಿ ಕೇಳಿ, 114–94 ಮತಗಳಿಂದ ಸೋತರು. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರರೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ನಿಷೇಧಿಸಿತು; ಹತ್ತು ವರ್ಷ ನೋಡಿ ಆ ಕಾನೂನನ್ನು ಕೈಬಿಟ್ಟಿತು. ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ರಾತ್ರಿ ಒಂದೊಂದು ಗಂಟೆ ಮಾತ್ರ ಎಂದಿತು. ಭಾರತ ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿದ್ದು ಮಕ್ಕಳ ಆರೋಗ್ಯಕ್ಕಾಗಿಯಲ್ಲ, ದೇಶದ ಭದ್ರತೆಗಾಗಿ. ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿದ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ವಿರುದ್ಧ. ಹಣವಿಲ್ಲದ ಆಟವನ್ನು ಅದು ನಿಷೇಧಿಸಿಲ್ಲ.

ನಮ್ಮ ಹಳ್ಳಿಗಳಿಗೆ ಈ ಆಟ ಬಂದ ದಾರಿಯಂತೂ ವಿಚಿತ್ರ. 2016ರ ನಂತರ ಇಂಟರ್ನೆಟ್ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಪಾಠ ಮೊಬೈಲಿನಲ್ಲಿ ಎಂದಾಗ ತೊಗರಿ ಮಾರಿದ ದುಡ್ಡಿನಲ್ಲೋ ಕೈಗಡದಲ್ಲೋ ಮಗನಿಗೆ ಫೋನು ಕೊಡಿಸಿದ ಅಪ್ಪಂದಿರು ಎಷ್ಟೋ ಮಂದಿ. ಪಾಠ ದಿನಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತು ಫೋನು ಮಗನ ಕೈಯಲ್ಲೇ. ಶಾಲೆ ತೆರೆದ ಮೇಲೆ ಅದನ್ನು ಮರಳಿ ಕಿತ್ತುಕೊಳ್ಳುವುದು ಸುಲಭವಾಗಲಿಲ್ಲ.

ಹೆಸರಿನ ಪ್ರಶ್ನೆ ಬರಿಯ ಪಂಡಿತರದ್ದಲ್ಲ ಎಂಬುದಕ್ಕೆ ನಮ್ಮ ಕಾನೂನೇ ಸಾಕ್ಷಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮೂರನೆಯ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆ ಯಾವುದೆಂದು ನಿರ್ಧರಿಸಲು ಒಪ್ಪಿತ ವೈದ್ಯಕೀಯ ಮಾನದಂಡಗಳನ್ನು, ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ರೋಗಪಟ್ಟಿಯೂ ಸೇರಿದಂತೆ, ಅನುಸರಿಸಬೇಕು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ಹೀಗಾಗಿ ಜಿನೀವಾದಲ್ಲಿ ಪಟ್ಟಿಗೆ ಸೇರಿದ ಒಂದು ಸಾಲು ಮುದ್ದೇಬಿಹಾಳದ ಹುಡುಗನ ಹಕ್ಕಾಗುತ್ತದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಸಮಾಜದ ನೀತಿ, ಸಂಪ್ರದಾಯ, ದುಡಿಮೆಯ ರೂಢಿಗೆ ಒಬ್ಬ ಹೊಂದಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಅವನನ್ನು ಮಾನಸಿಕ ರೋಗಿ ಎನ್ನಬಾರದು. ಹೊಲಕ್ಕೆ ಬಾ ಎಂದರೆ ಬಾರದ ಮಗನ ಆಟ ಅಪ್ಪನಿಗೆ ಸಹಿಸದು ಎಂಬಷ್ಟಕ್ಕೇ ಮಗ ರೋಗಿಯಾಗುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಈ ಹೆಸರು ಇರಲಿ, ಬಾಗಿಲು ಮಾತ್ರ ಕಿರಿದಾಗಿರಲಿ. ಹೆಸರೇ ಇಲ್ಲದಿದ್ದರೆ ಉಳಿಯುವುದು ಚಟವೆಂಬ ಬೈಗುಳ ಮತ್ತು ಬೆತ್ತ. ಬಾಗಿಲು ಅಗಲವಾದರೆ 1892ರ ಅಂಕಣ ಮತ್ತೆ ತುಂಬುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಈ ಕೆಲಸವನ್ನು ವಿಶ್ವ ಸಂಸ್ಥೆಯ ಪಟ್ಟಿಗೂ ಮೊದಲೇ, 2014ರಲ್ಲೇ ಆರಂಭಿಸಿತು. ಮನೋವಿಜ್ಞಾನಿ ಡಾ. ಮನೋಜ್ ಕುಮಾರ್ ಶರ್ಮಾ ಅವರು ನಡೆಸಿಕೊಂಡು ಬಂದ ‘ಶಟ್ ಕ್ಲಿನಿಕ್’ ದೇಶದಲ್ಲೇ ಇಂಥ ಮೊದಲನೆಯದು. ತಂತ್ರಜ್ಞಾನವನ್ನು ಪೂರ್ತಿ ಬಿಡಿಸುವುದು ಅದರ ಗುರಿಯಲ್ಲ; ಆರೋಗ್ಯಕರವಾಗಿ ಬಳಸುವುದನ್ನು ಕಲಿಸುವುದು. ನಿದ್ದೆ, ಊಟ, ಹೊರಗಿನ ಓಡಾಟ, ಮನೆಯವರ ಜೊತೆಗಿನ ಮಾತು ಇವುಗಳಿಂದ ಶುರುಮಾಡುತ್ತಾರೆ. ಖಿನ್ನತೆ, ಆತಂಕ ಇದೆಯೇ ಎಂದೂ ನೋಡುತ್ತಾರೆ.

ನಾಲತವಾಡದಿಂದ ಬೆಂಗಳೂರು ದೂರ. ಆದರೆ ಮನೋರೋಗದ ಆರೈಕೆ ಹಳ್ಳಿಯ ಹತ್ತಿರ ಬರಬಹುದು ಎಂದು ತೋರಿಸಿಕೊಟ್ಟದ್ದೂ ಕರ್ನಾಟಕವೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಪ್ರಯೋಗ ನಡೆಸಿತು. ಅದರ ಮಾದರಿಯಲ್ಲೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಫೋನು ಮಾಡಿದರೂ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆ ಕಡೆ ಇರುವವರು ದಿನಕ್ಕೆ ಎಷ್ಟು ಗಂಟೆ ಆಡುತ್ತಾನೆ ಎಂದು ಕೇಳಿಯೇ ಕೇಳುತ್ತಾರೆ. ಆಟ ಹೆಚ್ಚಾದದ್ದು ಯಾವಾಗಿನಿಂದ, ಅದಕ್ಕೆ ಮೊದಲು ಮನೆಯಲ್ಲೋ ಶಾಲೆಯಲ್ಲೋ ಏನಾದರೂ ಆಗಿತ್ತೇ ಎಂಬುದನ್ನು ಮನೆಯವರೇ ನೆನಪು ಮಾಡಿಕೊಂಡು ಹೇಳಬೇಕು.