ಆಲೂರರ ‘ನನ್ನ ಜೀವನ ಸ್ಮೃತಿಗಳು’

ಮಾಧ್ವ ಪರಂಪರೆಯ ಗ್ರಂಥಕಾರರು ತಮ್ಮ ವಿಷಯವಾಗಿ ತಾವೇ ಬರೆದುಕೊಂಡದ್ದು ಅತ್ಯಲ್ಪ. ಶ್ರೀಮದಾಚಾರ್ಯರ ಚರಿತೆಯನ್ನು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಿಂದಲೂ ಶ್ರೀ ವ್ಯಾಸರಾಜರದನ್ನು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಿಂದಲೂ ತಿಳಿಯಬೇಕು. ದಾಸರಂತೂ ತಮ್ಮ ಹೆಸರನ್ನೇ ಅಂಕಿತದಲ್ಲಿ ಮರೆಸಿಬಿಟ್ಟರು. ಇಂತಹ ಮನೆತನಗಳಿಂದ ಬಂದವರೊಬ್ಬರು ಆತ್ಮಕಥೆ ಬರೆಯಲು ಹೊರಟರೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು.

ಆಲೂರು ವೆಂಕಟರಾಯರು 1880ರ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ., ಮುಂಬಯಿಯಲ್ಲಿ ಕಾನೂನು ಪದವಿ. ಅದು ಲೋಕಮಾನ್ಯ ತಿಲಕರ ಕಾಲ. ಮಹಾರಾಷ್ಟ್ರದ ತರುಣರಿಗೆ ಶಿವಾಜಿಯ ಚರಿತ್ರೆ ಉಸಿರಾಗಿತ್ತು. ಅದೇ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರಿಗೆ ತಮಗೂ ಒಂದು ಚರಿತ್ರೆಯುಂಟೆಂಬ ಅರಿವೇ ಇರಲಿಲ್ಲ. ಇಂದು ಪುಣೆ, ಮುಂಬಯಿಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳಿಗೆ ಈ ಸಂಕಟ ತೀರ ಅಪರಿಚಿತವಲ್ಲ. ವೆಂಕಟರಾಯರಿಗೆ ಮರಾಠಿಯ ಮೇಲೆ ಮತ್ಸರವಿರಲಿಲ್ಲ. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ಅವರೇ.

1905ರಲ್ಲಿ ಅವರು ಹಂಪೆಯನ್ನು ಕಂಡರು. ಮಾಧ್ವರಿಗೆ ಆ ಪರಿಸರ ಮೊದಲು ಯಾತ್ರಾಸ್ಥಳ. ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿ ವ್ಯಾಸರಾಜರಿದ್ದಾರೆ. ಪುರಂದರದಾಸರು ಹಾಡಿದ ನೆಲವದು. ಆ ತರುಣನಿಗಾದರೋ ವಿರೂಪಾಕ್ಷನ ಸನ್ನಿಧಿಯೂ ಸುತ್ತಲಿನ ಹಾಳು ಗುಡಿಗಳೂ ಬೇರೆಯದೇ ಒಂದು ದರ್ಶನವನ್ನು ಮಾಡಿಸಿದವು. ಕರ್ನಾಟಕವೆಂಬ ಭಾವನೆ ತಮ್ಮಲ್ಲಿ ಮೂಡಿದ್ದು ಅಲ್ಲಿಯೇ ಎಂದು ಅವರು ಸ್ವತಃ ಹೇಳಿಕೊಂಡಿದ್ದಾರೆ. ಆಮೇಲೆ ವಕೀಲಿ ಹಿಂದೆ ಬಿತ್ತು. ‘ವಾಗ್ಭೂಷಣ’ದ ಸಂಪಾದಕತ್ವ, ವಿದ್ಯಾವರ್ಧಕ ಸಂಘದ ದುಡಿಮೆ, ಶಾಸನಗಳ ಅಭ್ಯಾಸ, ಊರೂರು ಅಲೆದಾಟ. ಇವೆಲ್ಲದರ ಫಲವೇ 1917ರ ‘ಕರ್ನಾಟಕ ಗತವೈಭವ’.

ಆ ಗ್ರಂಥದ ಹಲವು ವಿವರಗಳನ್ನು ಮುಂದಿನ ಸಂಶೋಧನೆ ತಿದ್ದಿದೆ. ವರ್ಣನೆಯ ಆವೇಶ ಕೆಲವೆಡೆ ಪ್ರಮಾಣವನ್ನು ಮೀರುತ್ತದೆ ಎಂಬುದೂ ನಿಜ. ಆದರೆ ಅದನ್ನು ಓದಿದ ಒಂದು ತಲೆಮಾರು ಬಾದಾಮಿಯ ಚಾಲುಕ್ಯರನ್ನೂ ರಾಷ್ಟ್ರಕೂಟರನ್ನೂ ತನ್ನವರೆಂದು ಗುರುತಿಸಿತು.

1941ರಲ್ಲಿ, ಅರುವತ್ತು ದಾಟಿದ ಮೇಲೆ, ‘ನನ್ನ ಜೀವನ ಸ್ಮೃತಿಗಳು’ ಬಂದಿತು. ಮನೆಯ ಸುಖದುಃಖಗಳ ಕಥೆಯನ್ನು ಅರಸುವ ಓದುಗನಿಗೆ ಈ ಪುಸ್ತಕ ತುಸು ಬಿಗಿಯೆನಿಸೀತು. ಕಥನಕ್ಕಿಂತ ಪ್ರತಿಪಾದನೆಗೇ ಅಲ್ಲಿ ಮೇಲುಗೈ. ತನ್ನ ಬಾಳನ್ನು ಒಂದು ವಿಚಾರದ ಬೆಳವಣಿಗೆಯೆಂದು ಕಂಡವರು ಬೇರೆ ಬಗೆಯಲ್ಲಿ ಬರೆಯುವುದೂ ಕಷ್ಟವೇ. ನಾಡಿನ ಅಭಿಮಾನವನ್ನೂ ಭಾರತದ ಅಭಿಮಾನವನ್ನೂ ಅವರು ಒಂದರೊಳಗೊಂದಾಗಿಯೇ ಕಂಡರು. ಉತ್ತರ ವಯಸ್ಸಿನಲ್ಲಿ ಗೀತೆಯತ್ತಲೂ ಆಚಾರ್ಯರ ಸಿದ್ಧಾಂತದತ್ತಲೂ ಅವರ ಮನಸ್ಸು ಪೂರ್ಣವಾಗಿ ತಿರುಗಿತು. ಆ ಸಿದ್ಧಾಂತವನ್ನು ಅವರು ‘ಪೂರ್ಣಬ್ರಹ್ಮವಾದ’ವೆಂಬ ಹೆಸರಿನಿಂದ ವಿವರಿಸಿದರು. ಗುಣಪೂರ್ಣನಾದ ಹರಿಯನ್ನು ಬಲ್ಲ ಮಾಧ್ವರಿಗೆ ಆ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ, ಎಪ್ಪತ್ತಾರರ ವೃದ್ಧರಾದ ವೆಂಕಟರಾಯರು ಮತ್ತೆ ಹಂಪೆಗೆ ಹೋಗಿ ವಿರೂಪಾಕ್ಷ ದೇವಾಲಯದಲ್ಲಿರುವ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಹದಿನೈದು ವರ್ಷ ಮುಂಚೆಯೇ ಬರೆದು ಮುಗಿಸಿದ್ದ ಆತ್ಮಕಥೆಯಲ್ಲಿ ಆ ದಿನದ ಪುಟವಿಲ್ಲ.